ಮನೆ ಕಳೆದುಕೊಂಡ ಕುಟುಂಬಕ್ಕೆ ಮೊದಲ ರಾತ್ರಿಯಿಂದ ಹಕ್ಕುಪತ್ರದವರೆಗೆ: ಮಂಗಳೂರು, ಉಡುಪಿಯವರಿಗೆ ಸಮಗ್ರ ಮಾರ್ಗದರ್ಶಿ

ಆಟಿಯ ಮಳೆಗೆ ಮಣ್ಣಿನ ಗೋಡೆ ಕುಸಿದಿರಬಹುದು, ಬಾಡಿಗೆ ಮನೆಗೆ ಮಾಲೀಕರು ಬೀಗ ಜಡಿದಿರಬಹುದು, ಗಂಡನ ಹೊಡೆತ ತಾಳಲಾಗದೆ ಹೊರಬಂದದ್ದೂ ಆಗಿರಬಹುದು. ಮಕ್ಕಳನ್ನು ಕಟ್ಟಿಕೊಂಡು ರಸ್ತೆಯಲ್ಲಿ ನಿಂತವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ಇವತ್ತು ಎಲ್ಲಿ ಮಲಗುವುದು, ಮುಂದೆ ಮನೆ ಹೇಗೆ. ಸರಕಾರದಲ್ಲಿ ಇವೆರಡಕ್ಕೂ ಬಾಗಿಲು ಬೇರೆ ಬೇರೆ. ಆದರೆ ಮೊದಲ ಎರಡು ದಿನದಲ್ಲಿ ಕೈಗೆ ಬಂದ ಕಾಗದವೇ ವರ್ಷಗಳ ನಂತರ ಮನೆ ಮಂಜೂರಾಗುವಾಗಲೂ ಬೇಕಾಗುತ್ತದೆ. ಹೆಚ್ಚಿನ ಕುಟುಂಬಗಳು ಸೋಲುವುದು ಅರ್ಹತೆ ಇಲ್ಲದೆ ಅಲ್ಲ, ಆ ಎರಡು ದಿನದ ಕಾಗದ ಇಲ್ಲದೆ. ಹಾಗಾಗಿ ಇಲ್ಲಿ ಕಾಗದದ ಮಾತು ಪದೇ ಪದೇ ಬರುತ್ತದೆ.

ಮೊದಲ ರಾತ್ರಿ: ಯಾರಿಗೆ ಫೋನು

ಜೀವಕ್ಕೆ ಅಪಾಯವಿದ್ದರೆ 112. ಮಳೆ, ಗುಡ್ಡ ಕುಸಿತ, ಕಡಲ್ಕೊರೆತ, ಬೆಂಕಿಯಿಂದ ಮನೆ ಹೋಗಿದ್ದರೆ ಜಿಲ್ಲಾ ವಿಪತ್ತು ನಿರ್ವಹಣಾ ನಿಯಂತ್ರಣ ಕೊಠಡಿಗೆ 1077. ಕರೆ ಮಾಡುವಾಗ ಊರಿನ ಹೆಸರು ಮಾತ್ರ ಹೇಳಿದರೆ ಸಾಲದು. ಗ್ರಾಮ, ಗ್ರಾಮ ಪಂಚಾಯತ್ ಅಥವಾ ವಾರ್ಡು, ಹತ್ತಿರದ ಶಾಲೆ ಅಥವಾ ದೈವಸ್ಥಾನದ ಗುರುತು, ಮನೆಯಲ್ಲಿ ಎಷ್ಟು ಜನ, ಅದರಲ್ಲಿ ನಡೆಯಲಾಗದವರು, ಗರ್ಭಿಣಿ, ಹಸುಗೂಸು ಇದ್ದಾರೆಯೇ ಎಂಬುದನ್ನೂ ಹೇಳಿ. ಕರೆ ಮಾಡಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಮುಂದೆ ಅರ್ಜಿಯಲ್ಲಿ "ದಿನಾಂಕ ಇಂಥದ್ದು, ರಾತ್ರಿ ಇಷ್ಟು ಗಂಟೆಗೆ ತಿಳಿಸಿದ್ದೇವೆ" ಎಂದು ಬರೆಯಲು ಬೇಕು.

ಮಳೆಗಾಲದಲ್ಲಿ ಕಂದಾಯ ಇಲಾಖೆ ತೆರೆಯುವ ತಾತ್ಕಾಲಿಕ ಆಸರೆಗೆ ನಮ್ಮಲ್ಲಿ ಕಾಳಜಿ ಕೇಂದ್ರ ಎನ್ನುತ್ತಾರೆ. ಸಾಮಾನ್ಯವಾಗಿ ಶಾಲೆ, ಸಮುದಾಯ ಭವನಗಳಲ್ಲಿ ಇರುತ್ತದೆ. ಅಲ್ಲಿಗೆ ಹೋಗದೆ ಅಕ್ಕನ ಮನೆಗೋ ಮಾವನ ಮನೆಗೋ ಹೋಗುವವರೇ ನಮ್ಮ ಕಡೆ ಜಾಸ್ತಿ. ಅದು ತಪ್ಪಲ್ಲ. ಆದರೆ ಹೋಗುವ ಮೊದಲು ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ನಾವು ಈಗಲೂ ವಿಎ ಎಂದು ಕರೆಯುವವರಿಗೆ, ಇಲ್ಲವೇ ಉಗ್ರಾಣಿಗೆ (ಗ್ರಾಮ ಸಹಾಯಕರಿಗೆ) ತಿಳಿಸಿ ಸ್ಥಳಾಂತರಗೊಂಡವರ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಕುಟುಂಬ "ಮನೆಯಲ್ಲೇ ಇದ್ದರು" ಎಂದು ದಾಖಲಾಗುವ ಅಪಾಯವಿದೆ.

ಗುಡ್ಡದ ಬುಡದಲ್ಲಿರುವ ಮನೆಯನ್ನು ಅಧಿಕಾರಿಗಳೇ ಖಾಲಿ ಮಾಡಿಸುವುದೂ ಉಂಟು. ಮನೆ ಇನ್ನೂ ನಿಂತಿದೆ, ಒಳಗೆ ಇರಲು ಬಿಡುವುದಿಲ್ಲ. ಇಂಥಲ್ಲಿ ಬಾಯಿಮಾತಿನ ಆದೇಶಕ್ಕೆ ಸುಮ್ಮನಾಗದೆ ಲಿಖಿತ ನೋಟಿಸು ಕೇಳಿ. ಅದು ಕೈಯಲ್ಲಿದ್ದರೆ ಮಾತ್ರ ಮುಂದೆ ಪುನರ್ವಸತಿ, ಬದಲಿ ನಿವೇಶನದ ಮಾತೆತ್ತಲು ಆಧಾರ.

ವಿಪತ್ತು ಇಲ್ಲದೆ ನಗರದಲ್ಲಿ ಬೀದಿಗೆ ಬಿದ್ದವರಿಗೆ ಇರುವುದು ನಗರ ವಸತಿರಹಿತರ ಆಶ್ರಯ ಕೇಂದ್ರ, ಜನ ರಾತ್ರಿ ವಸತಿ ಎನ್ನುವ ಜಾಗ. ಹೆಸರಿಗೆ ರಾತ್ರಿ ಎಂದಿದ್ದರೂ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರಕಾರ ಇದು ದಿನದ 24 ಗಂಟೆಯೂ ತೆರೆದಿರಬೇಕು. ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಜನರ ಒಂದು ಕೇಂದ್ರ, ಒಬ್ಬರಿಗೆ 50 ಚದರ ಅಡಿ ಜಾಗ ಎಂಬುದು ಅಲ್ಲಿನ ಲೆಕ್ಕ. ಮಂಗಳೂರಿನವರು ಲಾಲ್‌ಬಾಗ್‌ನ ಮಹಾನಗರ ಪಾಲಿಕೆಯಲ್ಲಿ, ಉಡುಪಿಯವರು ನಗರಸಭೆಯಲ್ಲಿ ಕೇಳಬೇಕು. ಕೇಳುವಾಗ "ಕುಟುಂಬಕ್ಕೆ ಜಾಗ ಇದೆಯಾ" ಎಂದೇ ಕೇಳಿ. ಗಂಡಸರಿಗೆ ಮಾತ್ರ ಇರುವ ಕೇಂದ್ರಕ್ಕೆ ಮಕ್ಕಳ ಸಮೇತ ನಡೆದು ಹೋಗಿ ವಾಪಸಾಗುವುದು ಕತ್ತಲಲ್ಲಿ ದೊಡ್ಡ ಶಿಕ್ಷೆ. ಆಧಾರ್ ಇಲ್ಲ ಎಂಬ ಒಂದೇ ಕಾರಣಕ್ಕೆ ಹೊರಗೆ ನಿಲ್ಲಿಸಿದರೆ ಪಾಲಿಕೆಯ ಆಯುಕ್ತರಿಗೆ ಅಥವಾ ನಗರಸಭೆಯ ಪೌರಾಯುಕ್ತರಿಗೆ ದೂರು ಕೊಡಿ. ಗುರುತುಪತ್ರ ಮಾಡಿಸಿಕೊಡಲು ನೆರವಾಗುವುದೂ ಆಶ್ರಯ ಕೇಂದ್ರದ ಕೆಲಸವೇ.

ಇಲ್ಲೊಂದು ಗೊಂದಲ ಬಿಡಿಸಬೇಕು. ಪಚ್ಚನಾಡಿಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರ ರಾತ್ರಿ ವಸತಿ ಅಲ್ಲ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವ ಕೇಂದ್ರ, ಅದರ ನಿಯಮಗಳೇ ಬೇರೆ. ದುಡಿದು ತಿನ್ನುವ ಕುಟುಂಬವನ್ನು "ನಿರಾಶ್ರಿತರು" ಎಂಬ ಹೆಸರು ನೋಡಿ ಅಲ್ಲಿಗೆ ಕಳಿಸುವುದು ಸರಿಯಲ್ಲ.

ಊಟಕ್ಕೆ ಇಂದಿರಾ ಕ್ಯಾಂಟೀನ್ ಇದೆ, ತಿಂಡಿ 5 ರೂಪಾಯಿ, ಊಟ 10 ರೂಪಾಯಿ.

ಹಿಂಸೆಯಿಂದ ಹೊರಬಂದ ಹೆಣ್ಣುಮಕ್ಕಳು

181ಕ್ಕೆ ಕರೆ ಮಾಡಿ, ಅಥವಾ ನೇರ ಸಖಿ ಒನ್ ಸ್ಟಾಪ್ ಸೆಂಟರಿಗೆ ಹೋಗಿ. ಅಲ್ಲಿ 5 ದಿನಗಳವರೆಗೆ ಉಳಿಯಬಹುದು. ವೈದ್ಯಕೀಯ ನೆರವು, ಪೊಲೀಸ್, ವಕೀಲರು, ಆಪ್ತಸಮಾಲೋಚನೆ ಒಂದೇ ಕಡೆ ಸಿಗುತ್ತದೆ. ಆ ಐದು ದಿನ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಮುಗಿಯುತ್ತದೆ. ಆದ್ದರಿಂದ ಮೊದಲ ದಿನವೇ ಶಕ್ತಿ ಸದನಕ್ಕೆ ಶಿಫಾರಸು ಕೇಳಿ. ಹಿಂದೆ ಸ್ವಾಧಾರ ಗೃಹ ಎನ್ನುತ್ತಿದ್ದದ್ದೇ ಈಗ ಶಕ್ತಿ ಸದನ, ಅಲ್ಲಿ 3 ವರ್ಷದವರೆಗೂ ಇರಲು ಅವಕಾಶವಿದೆ. ಒಂದು ತೊಡಕು: ಹದಿಹರೆಯಕ್ಕೆ ಬಂದ ಗಂಡುಮಕ್ಕಳನ್ನು ತಾಯಿಯ ಜೊತೆ ಇರಿಸಿಕೊಳ್ಳುವುದಿಲ್ಲ. ಮಗ ದೊಡ್ಡವನಾಗಿದ್ದರೆ ಅವನಿಗೆ ಸರಕಾರಿ ಹಾಸ್ಟೆಲ್ ವ್ಯವಸ್ಥೆಯನ್ನು ಅದೇ ಹೊತ್ತಿಗೆ ಕೇಳಿ.

ಮನೆ ಬಿಟ್ಟು ಬಂದದ್ದಕ್ಕೆ ಮನೆಯ ಮೇಲಿನ ಹಕ್ಕು ಹೋಗಲಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಕಲಂ ಪ್ರಕಾರ, ಮನೆ ಯಾರ ಹೆಸರಲ್ಲೇ ಇರಲಿ, ಹಂಚಿಕೊಂಡು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. 19ನೇ ಕಲಂ ಅಡಿ ನ್ಯಾಯಾಲಯ ಬೇರೆ ವಸತಿಯನ್ನೋ ಅದರ ಬಾಡಿಗೆಯನ್ನೋ ಕೊಡುವಂತೆ ಆದೇಶಿಸಬಹುದು. ಅರ್ಜಿ ಬರೆಯಲು ನೆರವಾಗುವ ಸಂರಕ್ಷಣಾಧಿಕಾರಿ ಎಂದರೆ ನಮ್ಮಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿ ಟೀಚರು ಹೇಳುವ ಸಿಡಿಪಿಒ. ವಕೀಲರಿಗೆ ಹಣ ಕೊಡಬೇಕಾಗಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ವಿಪತ್ತಿಗೆ ತುತ್ತಾದವರು ಇವರಿಗೆಲ್ಲ ಆದಾಯದ ಮಿತಿ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ. ಸಂಖ್ಯೆ 15100.

ಮಕ್ಕಳೇ ಹೊರಹಾಕಿದ ಹಿರಿಯರಿಗೆ ದಾರಿ ಬೇರೆ: ಸಹಾಯವಾಣಿ 14567, ಅರ್ಜಿ ಉಪವಿಭಾಗಾಧಿಕಾರಿಗೆ. ದಕ್ಷಿಣ ಕನ್ನಡದಲ್ಲಿ ಮಂಗಳೂರು ಮತ್ತು ಪುತ್ತೂರು, ಉಡುಪಿ ಜಿಲ್ಲೆಯಲ್ಲಿ ಕುಂದಾಪುರದಲ್ಲಿ ಅವರ ಕಚೇರಿ ಇದೆ. ಆರೈಕೆ ಮಾಡುತ್ತಾರೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ರದ್ದು ಮಾಡಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅವಕಾಶ ಕೊಡುತ್ತದೆ.

"ಆಶ್ರಯ ಕೇಳಿದರೆ ಮಕ್ಕಳನ್ನು ಎಳೆದುಕೊಂಡು ಹೋಗುತ್ತಾರೆ" ಎಂಬ ಹೆದರಿಕೆ ಬಹಳ ತಾಯಂದಿರಿಗಿದೆ. ಬಡತನ ಒಂದೇ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸುವುದು ಬಾಲನ್ಯಾಯ ಕಾಯ್ದೆಯ ಉದ್ದೇಶವಲ್ಲ. ಬದಲಿಗೆ ಮಗು ಮನೆಯವರ ಜೊತೆಯೇ ಬೆಳೆಯಲೆಂದು ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ತುರ್ತಿಗೆ 1098.

ಬಿದ್ದ ಮನೆಯ ಮಣ್ಣು ಎತ್ತುವ ಮೊದಲು

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೆಚ್ಚು ಹಣ ಕೈತಪ್ಪುವುದು ಇಲ್ಲೇ.

ಬೆಳಿಗ್ಗೆ ಮಳೆ ನಿಂತ ಕೂಡಲೇ ನೆರೆಕರೆಯವರು ಹಾರೆ ಹಿಡಿದು ಬರುತ್ತಾರೆ. ಒಡೆದ ಹಂಚು ಒಂದು ಕಡೆ, ಪಕ್ಕಾಸು ರೀಪು ಒಂದು ಕಡೆ, ಮಣ್ಣೆಲ್ಲ ತೋಟದ ಬದಿಗೆ. ಮಧ್ಯಾಹ್ನಕ್ಕೆ ಜಾಗ ಸ್ವಚ್ಛ, ಮೇಲೆ ನೀಲಿ ಟಾರ್ಪಾಲು. ಮೂರನೇ ದಿನ ಮಹಜರಿಗೆ, ಅಂದರೆ ಹಾನಿ ನೋಡಿ ದಾಖಲಿಸಲು, ಬಂದ ಎಂಜಿನಿಯರ್ ಕಣ್ಣಿಗೆ ಬೀಳುವುದು ಅರ್ಧ ಗೋಡೆ ಮತ್ತು ಟಾರ್ಪಾಲು ಮಾತ್ರ. ಅವರು "ಭಾಗಶಃ ಹಾನಿ" ಎಂದು ಬರೆದರೆ ಕಂಡದ್ದನ್ನೇ ಬರೆದಂತಾಯಿತು.

ಜೀವಕ್ಕೆ ಅಪಾಯವಾಗುವ ಭಾಗವನ್ನು ಬಿಟ್ಟು ಉಳಿದದ್ದನ್ನು ಮಹಜರು ಆಗುವವರೆಗೆ ಮುಟ್ಟಬೇಡಿ. ಎತ್ತಲೇಬೇಕಾದರೆ ಮೊದಲು ಫೋಟೋ ತೆಗೆಯಿರಿ: ನಾಲ್ಕು ಮೂಲೆಯಿಂದ ಹೊರಗಿನ ನಾಲ್ಕು, ಪ್ರತಿ ಕೋಣೆಯ ಒಳಗಿನಿಂದ ಒಂದೊಂದು, ಮಾಡಿನದ್ದು (ಛಾವಣಿಯದ್ದು), ಬಿರುಕು ಬಿಟ್ಟ ಪ್ರತಿ ಗೋಡೆಯದ್ದು, ಮನೆ ನಂಬ್ರದ ತಗಡಿನದ್ದು. ಬಿರುಕಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲೋ ಪೆನ್ನೋ ಹಿಡಿಯಿರಿ, ಅಗಲ ಗೊತ್ತಾಗಬೇಕು. ಮೊಬೈಲ್‌ನಲ್ಲಿ ಜಿಪಿಎಸ್ ಆನ್ ಇರಲಿ, ದಿನಾಂಕ ಫೋಟೋದ ಮೇಲೆಯೇ ಬರುವಂತಿರಲಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಈ ಮಾಹಿತಿ ಅಳಿಸಿ ಹೋಗುತ್ತದೆ, ಹಾಗಾಗಿ ಮೂಲ ಫೈಲನ್ನೂ ಉಳಿಸಿಕೊಳ್ಳಿ.

ಮಹಜರಿನ ದಿನ ಮನೆಯವರೊಬ್ಬರು ಕಡ್ಡಾಯ ಅಲ್ಲಿರಲಿ. ಹಂಚು ಹಾರಿದ್ದು ಯಾರಿಗಾದರೂ ಕಾಣುತ್ತದೆ. ಅಡಿಪಾಯ ಕೂತದ್ದು, ಮಣ್ಣಿನ ಗೋಡೆ ಒಳಗಿನಿಂದ ನೀರು ಕುಡಿದು ಉಬ್ಬಿದ್ದು, ಮಾಡಿನ ಭಾರ ಹೊರುವ ಪಕ್ಕಾಸು ಗೋಡೆಯಿಂದ ಜಾರಿದ್ದು ತೋರಿಸದಿದ್ದರೆ ಕಾಣುವುದಿಲ್ಲ. ಅವನ್ನು ಒಂದೊಂದಾಗಿ ಕೈಮಾಡಿ ತೋರಿಸಿ. ಶೇಕಡಾ ಎಷ್ಟು ಬರೆದರು ಎಂದು ಕೇಳಿ, ಓದಿಸಿಕೊಂಡ ಮೇಲೆಯೇ ಸಹಿ ಹಾಕಿ.

ಶೇಕಡಾವಾರು ಏಕೆ ಇಷ್ಟು ಮುಖ್ಯವೆಂದರೆ, 2022ರಿಂದ 2026ರ ಅವಧಿಯ ವಿಪತ್ತು ಪರಿಹಾರ ನಿಧಿ ದರದಲ್ಲಿ ಬಯಲು ಪ್ರದೇಶದ ಪೂರ್ತಿ ಹಾನಿಯಾದ ಮನೆಗೆ 1,20,000 ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಅದೂ ಹಾನಿ ಶೇ. 15ಕ್ಕೆ ಕಡಿಮೆ ಇರಬಾರದು. ಗುಡಿಸಲಿಗೆ 8,000, ಮನೆಗೆ ತಾಗಿದ ದನದ ಹಟ್ಟಿಗೆ 3,000. ಮನೆ ಪೂರ್ತಿ ಹೋದ ಕುಟುಂಬಕ್ಕೆ ಬಟ್ಟೆಬರೆಗೆ 2,500, ಪಾತ್ರೆಪಗಡಿಗೆ 2,500 ಬೇರೆ. ಇದರ ಮೇಲೆ ರಾಜ್ಯ ಸರಕಾರ ಆಯಾ ವರ್ಷದ ಆದೇಶದಲ್ಲಿ ಹೆಚ್ಚುವರಿ ಸೇರಿಸುವುದುಂಟು. 2019ರ ನೆರೆಯ ವರ್ಷ ಪೂರ್ತಿ ಹೋದ ಮನೆಗೆ 5 ಲಕ್ಷ ಕೊಟ್ಟಿತ್ತು. ಆದ್ದರಿಂದ ತಾಲೂಕು ಕಚೇರಿಯಲ್ಲಿ "ಈ ವರ್ಷದ ಆದೇಶದ ಪ್ರತಿ ತೋರಿಸಿ" ಎಂದೇ ಕೇಳಿ.

ಅರ್ಜಿ ಉದ್ದ ಬೇಕಿಲ್ಲ. ಹೀಗೆ ಬರೆದರೆ ಸಾಕು:

"ತಹಶೀಲ್ದಾರರಿಗೆ, ____ ತಾಲೂಕು. ವಿಷಯ: ಮಳೆಯಿಂದ ವಾಸದ ಮನೆ ಕುಸಿದ ಬಗ್ಗೆ. ____ ಗ್ರಾಮದ ಸರ್ವೆ ನಂಬ್ರ ____ರಲ್ಲಿರುವ ಮನೆ ನಂಬ್ರ ____ರಲ್ಲಿ ನಾವು ____ ಮಂದಿ ವಾಸವಾಗಿದ್ದೇವೆ. ದಿನಾಂಕ ____ರಂದು ____ ಗಂಟೆಗೆ ಪಡು ಬದಿಯ ಗೋಡೆ ಮತ್ತು ಮಾಡು ಪೂರ್ತಿ ಕುಸಿದಿದೆ, ಉಳಿದ ಗೋಡೆಗಳಲ್ಲಿ ಬಿರುಕು ಬಿಟ್ಟಿದ್ದು ವಾಸಕ್ಕೆ ಯೋಗ್ಯವಾಗಿಲ್ಲ. ಈಗ ____ರಲ್ಲಿ ಆಶ್ರಯ ಪಡೆದಿದ್ದೇವೆ. ಸ್ಥಳ ಪರಿಶೀಲಿಸಿ ಪರಿಹಾರ ಮತ್ತು ವಸತಿ ಸೌಲಭ್ಯ ನೀಡಬೇಕಾಗಿ ವಿನಂತಿ."

"ವಾಸಕ್ಕೆ ಯೋಗ್ಯವಾಗಿಲ್ಲ" ಮತ್ತು "ವಸತಿ ಸೌಲಭ್ಯ" ಎಂಬ ಎರಡು ಮಾತು ಬಿಡಬೇಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಕಚೇರಿ ಯಾವುದೆಂದು ಮೊದಲೇ ನೋಡಿಕೊಳ್ಳಿ. ಉಳ್ಳಾಲ, ಮೂಲ್ಕಿ, ಮೂಡುಬಿದಿರೆ, ಕಡಬ, ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಈಗ ಪ್ರತ್ಯೇಕ ತಾಲೂಕುಗಳು. ಹಳೆಯ ಅಭ್ಯಾಸದಲ್ಲಿ ಮಂಗಳೂರಿಗೋ ಕುಂದಾಪುರಕ್ಕೋ ಹೋಗಿ ಅರ್ಜಿ ಕೊಟ್ಟವರ ಕಡತ ವಾರಗಟ್ಟಲೆ ಅಲೆಯುತ್ತದೆ.

ಬಾಡಿಗೆದಾರರಿಗೆ ಮನೆಯ ಹಾನಿಯ ಹಣ ಬರುವುದಿಲ್ಲ, ಅದು ಮಾಲೀಕರದ್ದು. ಬಟ್ಟೆ, ಪಾತ್ರೆಯ ಸಹಾಯಧನವನ್ನು ನಿಮ್ಮ ಹೆಸರಲ್ಲೇ ಕೇಳಿ. ಇನ್ನು ಮಳೆ ಇಲ್ಲದೆಯೇ ಮಾಲೀಕರು ಸಾಮಾನು ಹೊರಗೆಸೆದರೆ, ನ್ಯಾಯಾಲಯದ ಆದೇಶ ಇಲ್ಲದೆ ಹಾಗೆ ಮಾಡುವಂತಿಲ್ಲ. 112, ಆಮೇಲೆ 15100.

ಹೆಸರು ತಾಳೆಯಾಗದಿದ್ದರೆ

ಮಂಜೂರಾದ ಹಣ ವಾಪಸು ಹೋಗುವುದಕ್ಕೆ ತುಳುನಾಡಿನಲ್ಲಿ ಒಂದು ವಿಶೇಷ ಕಾರಣವಿದೆ. ಪಹಣಿಯಲ್ಲಿ ಪೂಜಾರ್ತಿ, ಆಧಾರ್‌ನಲ್ಲಿ ಪೂಜಾರಿ. ಪಡಿತರ ಚೀಟಿಯಲ್ಲಿ ಶೆಡ್ತಿ, ಬ್ಯಾಂಕಿನಲ್ಲಿ ಶೆಟ್ಟಿ. ಹಿಂದೆ ಹೆಣ್ಣಿಗೊಂದು ರೂಪ, ಗಂಡಿಗೊಂದು ರೂಪ ಬರೆಯುತ್ತಿದ್ದರು, ಕಂಪ್ಯೂಟರಿಗೆ ಇವರು ಇಬ್ಬರು ಬೇರೆ ವ್ಯಕ್ತಿಗಳು. ಮೊದಲು ಆಧಾರ್ ಮತ್ತು ಬ್ಯಾಂಕನ್ನು ಒಂದೇ ರೂಪಕ್ಕೆ ತನ್ನಿ, ಹಣ ಬರುವುದು ಅವೆರಡರ ಮೂಲಕ. ಪಹಣಿಯ ಹೆಸರಿಗೆ "ಇಬ್ಬರೂ ಒಬ್ಬರೇ" ಎಂಬ ನೋಟರಿ ಅಫಿಡವಿಟ್ ಮಾಡಿಸಿ ಅರ್ಜಿಯ ಜೊತೆಗೇ ಲಗತ್ತಿಸಿ.

ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಸರಕಾರದ ಹಣ ಹೋಗುವುದು ಕೊನೆಯದಾಗಿ ಆಧಾರ್ ಜೋಡಣೆಯಾದ ಖಾತೆಗೆ, ಪಾಸ್‌ಬುಕ್ ಪ್ರತಿ ಕೊಟ್ಟ ಖಾತೆಗೆ ಅಲ್ಲ. ಹಣ ಬಂದಿಲ್ಲ ಎಂದು ತಾಲೂಕು ಕಚೇರಿಗೆ ಅಲೆಯುವ ಮೊದಲು ಹಳೆಯ ಪಾಸ್‌ಬುಕ್‌ಗಳಿಗೆಲ್ಲ ಎಂಟ್ರಿ ಹಾಕಿಸಿ ನೋಡಿ.

ಇನ್ನೊಂದು ತೊಡಕು ಕುಟುಂಬದ ಆಸ್ತಿ. ಜಾಗ ಇನ್ನೂ ತೀರಿಕೊಂಡ ಅಜ್ಜಿಯ ಹೆಸರಲ್ಲಿ, ಪಾಲುಪಟ್ಟಿ ಆಗಿಲ್ಲ, ವಾಸ ಮಾತ್ರ ಮೊಮ್ಮಗಳದ್ದು. ಇಲ್ಲಿ ವಂಶವೃಕ್ಷ, ಉಳಿದ ಹಕ್ಕುದಾರರ ಒಪ್ಪಿಗೆ ಪತ್ರ, ವಾಸದ ಪುರಾವೆಯಾಗಿ ಮನೆ ತೆರಿಗೆ ರಶೀದಿ ಮತ್ತು ಕರೆಂಟ್ ಬಿಲ್ಲು ಸೇರಿಸಿ. ಒಪ್ಪಿಗೆ ಪತ್ರವನ್ನು ಎಲ್ಲರಲ್ಲೂ ಕನಿಕರ ಇರುವಾಗಲೇ, ಮೊದಲ ವಾರದಲ್ಲೇ ಬರೆಸಿಕೊಳ್ಳುವುದು ಜಾಣತನ. ಪರಿಹಾರದ ಮೊತ್ತ ಕೇಳಿದ ಮೇಲೆ ಸಹಿ ಹಾಕುವ ಕೈಗಳು ಹಿಂದೆ ಸರಿಯುತ್ತವೆ.

ಕಾಗದವೆಲ್ಲ ನೀರುಪಾಲಾಗಿದ್ದರೆ ಆಧಾರ್‌ನಿಂದ ಶುರು ಮಾಡಿ, ಬೆರಳಚ್ಚು ಕೊಟ್ಟರೆ ಸೇವಾ ಕೇಂದ್ರದಲ್ಲಿ ಸಂಖ್ಯೆ ಸಿಗುತ್ತದೆ. ಬೇರೆ ಊರಿನ ಪಡಿತರ ಚೀಟಿ ಇದ್ದವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು. ವಿಳಾಸವೇ ಇಲ್ಲದವರಿಗೂ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ದಾರಿಯಿದೆ. ನಮೂನೆ 6ರಲ್ಲಿ ಮಲಗುವ ಜಾಗವನ್ನೇ ಬರೆದರೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಪರಿಶೀಲಿಸುತ್ತಾರೆ. ಟಿಸಿ ಇಲ್ಲವೆಂದು ಮಗುವಿಗೆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ.

ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದು ಟೆಂಟಿನಲ್ಲಿರುವ ಕುಟುಂಬಗಳಿಗೆ ಒಂದು ಮಾತು: 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 34ನೇ ಕಲಂ ಪ್ರಕಾರ ಕೆಲಸ ಮುಗಿಯುವವರೆಗೆ ತಾತ್ಕಾಲಿಕ ವಸತಿಯನ್ನು ಉಚಿತವಾಗಿ ಕೊಡುವುದು ಕೆಲಸ ಕೊಟ್ಟವರ ಹೊಣೆಯಾಗಿತ್ತು. ಈಗಿನ ನಿಯಮ ವಿಚಾರಿಸುವುದೂ ದೂರು ಕೊಡುವುದೂ ಕಾರ್ಮಿಕ ಇಲಾಖೆಯಲ್ಲಿ.

ಶಾಶ್ವತ ಮನೆಗೆ

ಜಾಗ ಇದೆಯೇ ಇಲ್ಲವೇ ಎಂಬುದರ ಮೇಲೆ ದಾರಿ ಕವಲೊಡೆಯುತ್ತದೆ.

ಜಾಗ ಇದ್ದು ಪಂಚಾಯತ್ ವ್ಯಾಪ್ತಿಯಲ್ಲಿದ್ದರೆ ಗ್ರಾಮಸಭೆಯೇ ಆಯ್ಕೆಯ ಜಾಗ. ರಾಜೀವ್ ಗಾಂಧಿ ವಸತಿ ನಿಗಮದ ಬಸವ ವಸತಿ, ಪರಿಶಿಷ್ಟರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ವಿಧವೆಯರು, ಅಂಗವಿಕಲರು ಮುಂತಾದ ವಿಶೇಷ ವರ್ಗಕ್ಕೆ ದೇವರಾಜ ಅರಸು ವಸತಿ, ಕೇಂದ್ರದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ, ಮೀನುಗಾರರಿಗೆ ಮತ್ಸ್ಯಾಶ್ರಯ ಇವೆ. ಆವಾಸ್ ಗ್ರಾಮೀಣದಲ್ಲಿ 1.20 ಲಕ್ಷದ ಜೊತೆಗೆ ಶೌಚಾಲಯಕ್ಕೆ 12,000. ಕೊರಗ ಕುಟುಂಬಗಳು ಸಾಮಾನ್ಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಅತಿ ಹಿಂದುಳಿದ ಬುಡಕಟ್ಟುಗಳಿಗೆಂದು 2023ರಲ್ಲಿ ಶುರುವಾದ ಪಿಎಂ ಜನ್‌ಮನ್ ಯೋಜನೆಯಲ್ಲಿ ಮನೆಗೆ 2 ಲಕ್ಷ ಇದೆ, ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಯಲ್ಲಿ ವಿಚಾರಿಸಿ. ಗ್ರಾಮಸಭೆಗೆ ಖುದ್ದಾಗಿ ಹೋಗಿ, ಹೆಸರು ಓದಿದ್ದನ್ನು ಕಿವಿಯಾರೆ ಕೇಳಿ, ನಡಾವಳಿಯ ಪ್ರತಿ ಪಡೆಯಿರಿ.

ನಗರದಲ್ಲಿ 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ನಗರ 2.0 ಇದೆ. ವಾರ್ಷಿಕ ಆದಾಯ 3 ಲಕ್ಷದೊಳಗಿನವರು ಸ್ವಂತ ಜಾಗದಲ್ಲಿ ಕಟ್ಟಲು ಕೇಂದ್ರದ ಪಾಲು 1.5 ಲಕ್ಷ. ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಸರಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು.

ನಮ್ಮ ಜಿಲ್ಲೆಗಳಲ್ಲಿ ಇವೆಲ್ಲ ಮುಗ್ಗರಿಸುವುದು ನೈನ್ ಇಲೆವೆನ್ ಎಂದು ಎಲ್ಲರ ಬಾಯಲ್ಲಿರುವ 9, 11 ನಮೂನೆಯ ಖಾತೆಯಲ್ಲಿ. ಪಹಣಿ ಇದ್ದ ಮಾತ್ರಕ್ಕೆ ಪಂಚಾಯತ್‌ನಲ್ಲಿ ನಿವೇಶನದ ಖಾತೆ ಆಗುವುದಿಲ್ಲ, ಭೂಪರಿವರ್ತನೆ ಬೇಕು. ಸರಕಾರಿ ಜಾಗದಲ್ಲಿ ಮನೆ ಕಟ್ಟಿ ಕೂತವರಿಗೆ ಭೂಕಂದಾಯ ಕಾಯ್ದೆಯ ಕಲಂಗಳಾದ ಹಳ್ಳಿಯಲ್ಲಿ 94ಸಿ, ನಗರದಲ್ಲಿ 94ಸಿಸಿ ಅಡಿ ಹಕ್ಕುಪತ್ರ. ಹಳೆಯ ಅರ್ಜಿ ಕೊಟ್ಟವರು ಅದರ ಸ್ಥಿತಿಯನ್ನು ಮೊದಲು ವಿಚಾರಿಸಿ. ಕಡಲ ಬದಿಯವರಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಅಡ್ಡ ಬರುತ್ತದೆ. ಅಲೆ ನುಂಗಿದ ಜಾಗದಲ್ಲೇ ಮನೆ ಕೇಳುವ ಬದಲು ಬೇರೆ ನಿವೇಶನ ಕೇಳುವುದೇ ಲೇಸು.

ಜಾಗವೇ ಇಲ್ಲದವರು ನಿವೇಶನರಹಿತರ ಪಟ್ಟಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ಮನೆಗೆ ಹಾಕಿದ ಅರ್ಜಿ ಇದಕ್ಕೆ ಲೆಕ್ಕಕ್ಕಿಲ್ಲ. ನಗರದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆಯ್ಕೆ ಮಾಡುತ್ತದೆ.

ಮಂಜೂರಾದ ಮೇಲೆ: ಕಾರ್ಯಾದೇಶ ಕೈಗೆ ಬಂದು, ಖಾಲಿ ಜಾಗದ ಜಿಪಿಎಸ್ ಫೋಟೋ ಆಗುವವರೆಗೆ ಒಂದು ಕಲ್ಲೂ ಇಡಬೇಡಿ. ಹಣ ಬರುವುದು ಅಡಿಪಾಯ, ಲಿಂಟಲ್, ಮಾಡು, ಪೂರ್ಣ ಎಂಬ ಹಂತಗಳಲ್ಲಿ, ಪ್ರತಿ ಹಂತಕ್ಕೂ ಫೋಟೋ ಆದ ಮೇಲೆ. ಮೊದಲ ಕೆಲಸಕ್ಕೆ ನಿಮ್ಮದೇ ಹಣ ಬೇಕು ಎಂದರ್ಥ. ಅರ್ಧಕ್ಕೆ ನಿಂತ ಮನೆಗಳಲ್ಲಿ ಬಹುಪಾಲು ಲಿಂಟಲ್‌ನಲ್ಲೇ ನಿಂತಿರುತ್ತವೆ. ಕಾರಣ ಒಂದೇ, ಮೂರು ಕೋಣೆಯ ಆಸೆಗೆ ಅಡಿಪಾಯ ಅಗಲ ಹಾಕಿ ಕೆಂಪುಕಲ್ಲಿಗೇ ಹಣ ಮುಗಿದಿರುತ್ತದೆ. ಆವಾಸ್ ಗ್ರಾಮೀಣದ ಕನಿಷ್ಠ ಅಳತೆ 25 ಚದರ ಮೀಟರ್. ಅಷ್ಟನ್ನೇ ಕಟ್ಟಿ ಮಾಡು ಹಾಕಿ, ವಿಸ್ತರಿಸುವ ಬದಿಯ ಗೋಡೆಯಲ್ಲಿ ಬಾಗಿಲಿಗೆ ಜಾಗ ಬಿಡಿ. ಅಕ್ಟೋಬರ್‌ನಲ್ಲಿ ಪಾಯ ತೆಗೆದು ಮೇ ಒಳಗೆ ಮಾಡು ಮುಚ್ಚುವಂತೆ ಲೆಕ್ಕ ಹಾಕಿ. ಮಾಡಿಲ್ಲದ ಗೋಡೆ ಒಂದು ಮಳೆಗಾಲ ನೆನೆದರೆ ಗಾರೆ ಕಿತ್ತು ಬರುತ್ತದೆ.

ಕಡತ ಅಲುಗಾಡದಿದ್ದರೆ

ಸ್ವೀಕೃತಿ ಸಂಖ್ಯೆ ಹಿಡಿದು ಮೊದಲು ಸರಕಾರದ ದೂರು ಸಹಾಯವಾಣಿ ಜನಸ್ಪಂದನ 1902. ಅಲ್ಲಿ ಕೊಡುವ ದೂರಿನ ಸಂಖ್ಯೆಯನ್ನು ಸ್ವೀಕೃತಿ ಪ್ರತಿಯ ಮೇಲೆಯೇ ಬರೆದಿಡಿ. ನಂತರ ಮಾಹಿತಿ ಹಕ್ಕು ಅರ್ಜಿ: "ನನ್ನ ಅರ್ಜಿಯ ಮೇಲೆ ದಿನವಾರು ಕೈಗೊಂಡ ಕ್ರಮ ಮತ್ತು ಮಹಜರಿನ ದೃಢೀಕೃತ ಪ್ರತಿ ಕೊಡಿ" ಎಂಬ ಒಂದೇ ವಾಕ್ಯ ಸಾಕು, 30 ದಿನದಲ್ಲಿ ಉತ್ತರ ಬರಬೇಕು. ಮಹಜರಿನಲ್ಲಿ ಶೇಕಡಾ ಕಡಿಮೆ ಬರೆದಿದ್ದರೆ ನಿಮ್ಮ ಫೋಟೋಗಳನ್ನು ಲಗತ್ತಿಸಿ ಮರುಪರಿಶೀಲನೆಗೆ ಜಿಲ್ಲಾಧಿಕಾರಿಗೆ ಬರೆಯಿರಿ. ದಕ್ಷಿಣ ಕನ್ನಡದವರಿಗೆ ಪಡೀಲ್‌ನ ಪ್ರಜಾಸೌಧ, ಉಡುಪಿಯವರಿಗೆ ಮಣಿಪಾಲದ ರಜತಾದ್ರಿ. ಬಿದ್ದ ಮನೆಯನ್ನು ಕಟ್ಟಲು ಶುರು ಮಾಡುವ ಮೊದಲೇ ಈ ಅರ್ಜಿ ಹೋಗಬೇಕು. ಹೊಸ ಗೋಡೆ ಎದ್ದ ಮೇಲೆ ಮರುಪರಿಶೀಲನೆಗೆ ಬಂದವರಿಗೆ ನೋಡಲು ಏನೂ ಉಳಿದಿರುವುದಿಲ್ಲ.